ಕ್ಯಾಸೆಟ್ ಮಗುಚಿ ಹಾಕುವಷ್ಟರಲ್ಲಿ

ಶಿರಸಿ ಪೇಟೆ ಬಿಟ್ಟು ಸಿದ್ದಾಪುರದ ರಸ್ತೆ ಹಿಡಿದರೆ ಫೋನಿನ ಸಿಗ್ನಲ್ಲನ್ನು ನಂಬಿ ಹಾಡು ಕೇಳುವ ಹಾಗಿಲ್ಲ. ಒಂದು ತಿರುವಿನಲ್ಲಿ ಇರುತ್ತದೆ, ಮುಂದಿನ ತಿರುವಿನಲ್ಲಿ ಇರುವುದಿಲ್ಲ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಈ ಸಲ ಬಿಲ್ ಇವಾನ್ಸ್‌ನನ್ನು ಪೆನ್‌ಡ್ರೈವಿಗೆ ತುಂಬಿಕೊಂಡೇ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ಭಾವ. ನನ್ನಕ್ಕನನ್ನು ಮದುವೆಯಾದ ದಿನದಿಂದ ನನಗೆ ಯಕ್ಷಗಾನದ ಪಾಠ ಹೇಳುತ್ತ ಬಂದಿರುವವರು. ಅವರಿಗೆ ಜಾಝ್ ಅಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇದ್ದಂತೆ ಕಾಣಲಿಲ್ಲ. ಕವಳದ ಸಂಚಿ ಬಿಚ್ಚಿಕೊಂಡು, ಕಾನಸೂರಿನವರೆಗೆ ಸಹಿಸಿಕೊಳ್ಳುತ್ತೇನೆ ಎಂಬ ಮುಖ ಮಾಡಿ ಕೂತಿದ್ದರು.

ನಾನು ತುಂಬಿಕೊಂಡಿದ್ದದ್ದು 2005ರಲ್ಲಿ ಮೂರು ಸಿ.ಡಿ.ಗಳಾಗಿ ಹೊರಬಂದ ಒಂದು ಸಂಗ್ರಹ. ಅದರಲ್ಲಿ ಇರುವುದೆಲ್ಲ ಒಂದೇ ದಿನದ ಸಂಗೀತ. 1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಪಿಯಾನೋದ ಮುಂದೆ ಬಿಲ್ ಇವಾನ್ಸ್, ಬಾಸ್ ಹಿಡಿದ ಸ್ಕಾಟ್ ಲಫಾರೊ, ಡ್ರಮ್ಸ್‌ಗೆ ಪಾಲ್ ಮೋಶಿಯನ್. ಮಧ್ಯಾಹ್ನದ ಮೇಲೆ ಎರಡು ಸರದಿ, ರಾತ್ರಿ ಮೂರು ಸರದಿ ನುಡಿಸಿದರು. ಅದರಿಂದ ಆಯ್ದ ತುಣುಕುಗಳು ಆಗಲೇ ಎರಡು ಎಲ್.ಪಿ.ಗಳಾಗಿ ಬಂದು ಜಗತ್ಪ್ರಸಿದ್ಧವಾದವು. ನಲವತ್ತು ವರ್ಷದ ಮೇಲೆ ಯಾರಿಗೋ ಬುದ್ಧಿ ಬಂತು. ಆಯ್ಕೆ ಬೇಡ, ಅವತ್ತು ನುಡಿಸಿದ್ದನ್ನು ನುಡಿಸಿದ ಕ್ರಮದಲ್ಲೇ ಕೊಟ್ಟುಬಿಡೋಣ ಎಂದು ಎಲ್ಲವನ್ನೂ ಹೊರತಂದರು.

ಈ ಸಂಗ್ರಹದ ಮೊದಲನೆಯ ಹಾಡೇ ಕೆಟ್ಟು ಹೋದ ಹಾಡು. ಲಫಾರೊ ಕಟ್ಟಿದ ‘ಗ್ಲೋರಿಯಾಸ್ ಸ್ಟೆಪ್’. ಚೆನ್ನಾಗಿಯೇ ಸಾಗುತ್ತಿರುತ್ತದೆ, ನಡುವೆ ಕರೆಂಟ್ ಕೈಕೊಟ್ಟು ಧ್ವನಿ ತುಂಡಾಗುತ್ತದೆ, ಆಮೇಲೆ ಮತ್ತೆ ಹಿಡಿಯುತ್ತದೆ. ಹಳೆಯ ಎಲ್.ಪಿ. ಮಾಡಿದವರು ಅದನ್ನು ಬಿಟ್ಟಿದ್ದರು. ಬಿಡದೆ ಇನ್ನೇನು ಮಾಡುತ್ತಾರೆ? ನಾವು ಎಂಟನೇ ಮೈಲಿನ ಆಸುಪಾಸಿನಲ್ಲಿದ್ದಾಗ ಆ ಜಾಗ ಬಂತು. ಭಾವ ಕಾರಿನ ಸ್ಟೀರಿಯೋದ ಮೇಲೆ ಒಂದು ಏಟು ಹಾಕಿದರು.

“ಸ್ಟೀರಿಯೋ ಸರಿ ಇದೆ ಭಾವ. ಅಲ್ಲಿ ಕರೆಂಟ್ ಹೋಗಿದ್ದು.”

“ಎಲ್ಲಿ?”

“ನ್ಯೂಯಾರ್ಕಲ್ಲಿ.”

ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಶಿರಸಿ ಸೀಮೆಯಲ್ಲಿ ಜೋರು ಗಾಳಿ ಬಂದರೆ ಸಾಕು, ಒಂದು ಮರ ತಂತಿಯ ಮೇಲೆ ಮಲಗಿ ಎರಡು ದಿನ ಕತ್ತಲೆ. ಆ ಕಷ್ಟ ಉಂಡವರಿಗೆ ಅಮೆರಿಕದ ದೊಡ್ಡ ನಗರದಲ್ಲೂ ರೆಕಾರ್ಡಿಂಗ್ ನಡೆಯುವಾಗಲೇ ಕರೆಂಟ್ ಹೋಗಿತ್ತು ಎಂಬ ಸುದ್ದಿ ಎಷ್ಟು ಸಮಾಧಾನ ಕೊಡಬಹುದು ಎಂದು ನಾನು ಊಹಿಸಿರಲಿಲ್ಲ. ಅಲ್ಲಿಂದ ಮುಂದೆ ಅವರು ನಿಜವಾಗಿ ಕಿವಿ ಕೊಟ್ಟರು.

ಕಿವಿ ಕೊಟ್ಟಿದ್ದು ಪಿಯಾನೋಗೆ ಅಲ್ಲ ಅನ್ನುವುದು ಕುತೂಹಲದ ಸಂಗತಿ. ನಾನು ಇಷ್ಟು ವರ್ಷ ಈ ಸಂಗೀತ ಕೇಳಿದ್ದು ಇವಾನ್ಸ್‌ಗಾಗಿ. ಕೀಲಿಮಣೆಯ ಮೇಲೆ ತಲೆ ಇಳಿಬಿಟ್ಟು, ಕೈಗೆ ಹಣೆ ತಗಲುತ್ತದೋ ಎಂಬಷ್ಟು ಬಾಗಿ ನುಡಿಸುವ ಅವನ ಫೋಟೋ ನೋಡಿದ್ದವರಿಗೆ ಗೊತ್ತು, ಕಣ್ಣು ಅವನನ್ನು ಬಿಟ್ಟು ಆಚೆ ಹೋಗುವುದಿಲ್ಲ. ಭಾವನಿಗೆ ಫೋಟೋದ ಉಪದ್ರವ ಇರಲಿಲ್ಲ. ಹಿಮ್ಮೇಳ ಕೇಳಿ ಬೆಳೆದ ಕಿವಿ ನೇರ ಹೋಗಿ ಬಾಸಿನ ಮೇಲೆ ಕೂತಿತು. “ಇದ್ರಲ್ಲಿ ಭಾಗವತ ಯಾರು ಮಾರಾಯ?” ಅಂದರು. ಪಿಯಾನೋದವನು ಅಂದೆ. ತಲೆ ಅಲ್ಲಾಡಿಸಿದರು. “ಅಲ್ಲ. ಪೆಟ್ಟಿಗೆಯಂವ ಜಾಗ ಬಿಡ್ತಾ ಇದ್ದ ನೋಡು.”

ನಿಜ. ಅದಕ್ಕೂ ಮುಂಚೆ ಪಿಯಾನೋ, ಬಾಸ್, ಡ್ರಮ್ಸ್ ಮೂರೇ ಇರುವ ತಂಡಗಳಲ್ಲಿ ಬಾಸಿನವನ ಕೆಲಸ ಬಹುಮಟ್ಟಿಗೆ ನಡೆ ತಪ್ಪದ ಹಾಗೆ ನೋಡಿಕೊಳ್ಳುವುದು. ಲಫಾರೊ ಅದನ್ನು ಮುರಿದ. ಅವನು ನಡೆ ಹಿಡಿಯುವುದರ ಜೊತೆಗೆ ಮಾತಾಡುತ್ತಾನೆ, ಇವಾನ್ಸ್ ಹೇಳಿದ್ದಕ್ಕೆ ಎದುರು ಹೇಳುತ್ತಾನೆ, ಕೆಲವು ಕಡೆ ಇವಾನ್ಸ್ ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟಿರುತ್ತಾನೆ. ಇವಾನ್ಸ್‌ನ ದೊಡ್ಡತನ ಅಂದರೆ ಆ ಜಾಗವನ್ನು ಬಿಟ್ಟುಕೊಟ್ಟಿದ್ದು. ಈ ಮಾತನ್ನು ಜಾಝ್ ಬಲ್ಲವರು ಪುಟಗಟ್ಟಲೆ ಬರೆದಿದ್ದಾರೆ. ಭಾವ ಕಾನಸೂರಿನ ಹೋಟೆಲಿನಲ್ಲಿ ಚಾ ಬರುವುದರೊಳಗೆ ಹೇಳಿ ಮುಗಿಸಿದರು: ಮದ್ದಳೆಯವನು ಬರೀ ತಾಳ ಹಾಕುವವನಾದರೆ ಭಾಗವತನಿಗೆ ಮದ್ದಳೆ ಯಾಕೆ, ಕೈಯಲ್ಲಿ ತಾಳ ಇಲ್ಲವೇ?

ಲಫಾರೊ ಆ ಭಾನುವಾರದ ನಂತರ ಹೆಚ್ಚು ದಿನ ಬದುಕಲಿಲ್ಲ. ಜುಲೈ 6ರಂದು ಕಾರು ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತೈದು ವರ್ಷ. ಇವಾನ್ಸ್ ತಿಂಗಳುಗಟ್ಟಲೆ ಸಭೆಯಲ್ಲಿ ನುಡಿಸಲಿಲ್ಲ. ಇದನ್ನು ಹೇಳಿದಾಗ ಭಾವ “ನಾವಡರ ಹಾಂಗೆ” ಅಂದು ಸುಮ್ಮನಾದರು. ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಕರಾವಳಿಯಿಂದ ಘಟ್ಟದ ಮೇಲಿನವರೆಗೆ ಯಕ್ಷಗಾನ ಕೇಳುವ ಮನೆಗಳಲ್ಲಿ ಅವರ ಕ್ಯಾಸೆಟ್ಟುಗಳು ತಿರುಗಿ ತಿರುಗಿ ಸವೆದವು. ಆಟಕ್ಕೆ ಹೋಗಿ ಕೇಳಿದವರಿಗಿಂತ ಕ್ಯಾಸೆಟ್ಟಿನಲ್ಲೇ ನಾವಡರನ್ನು ಕೇಳಿ ಕಲಿತ ಒಂದು ತಲೆಮಾರು ಈಗ ಭಾಗವತಿಕೆ ಮಾಡುತ್ತಿದೆ.

ನಾವು ಸಿದ್ದಾಪುರಕ್ಕೆ ಹೊರಟದ್ದೂ ಕ್ಯಾಸೆಟ್ಟಿಗಾಗಿಯೇ. ಭಾವನ ಕಡೆಯ ನೆಂಟರೊಬ್ಬರು, ಎಂಬತ್ತು ದಾಟಿದವರು, ಎಷ್ಟೋ ವರ್ಷ ಆಟ, ತಾಳಮದ್ದಲೆಗಳನ್ನು ತಾವೇ ಟೇಪ್ ಮಾಡಿ ಇಟ್ಟಿದ್ದಾರೆಂದು ಗೊತ್ತಿತ್ತು. ಪೇಟೆ ದಾಟಿ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಇಳಿದು, ಕೆಸರು ರಸ್ತೆಯ ಕೊನೆಗೆ ಅವರ ಮನೆ. ತೋಟದಲ್ಲಿ ಕೊನೆಗೌಡ ಮರದ ಮೇಲಿಂದ ಮರಕ್ಕೆ ತೂಗಿಕೊಂಡು ಮದ್ದು ಹೊಡೆಯುತ್ತಿದ್ದ. ಎರಡು ಮಳೆಯ ನಡುವೆ ಸಿಕ್ಕಿದ ಹೊಳವಿನಲ್ಲಿ ಕೊಳೆ ಮದ್ದು ಮುಗಿಸಬೇಕಾದ ಹೊತ್ತು, ನೆಂಟರು ಬಂದರೆಂದು ನಿಲ್ಲಿಸುವ ಹಾಗಿಲ್ಲ. ಅಜ್ಜ ಜಗುಲಿಯಿಂದಲೇ ಮೇಲೆ ನೋಡಿ ಕೂಗಿ ಏನೋ ಹೇಳಿದರು, ಆಮೇಲೆ ನಮ್ಮ ಕಡೆ ತಿರುಗಿ, “ಬಂದ್ರಾ? ಆಸ್ರಿಗೆ ಎಂತ ಕೊಡ್ಲಿ?”

ಕ್ಯಾಸೆಟ್ಟುಗಳು ಮೆತ್ತಿಯ ಮೇಲೆ ಬಿಸ್ಕಿಟ್ ಡಬ್ಬಿಗಳಲ್ಲಿದ್ದವು. ಒಂದೊಂದು ಡಬ್ಬಿಯಲ್ಲೂ ತಳಕ್ಕೆ ಬಟ್ಟೆಯಲ್ಲಿ ಕಟ್ಟಿದ ಅಕ್ಕಿ. ತೇವ ಎಳೆಯಲಿ ಎಂದು. ಆದರೂ ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತಿತ್ತು. ಅಜ್ಜ ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ತಂದು ಒಂದನ್ನು ಬಿಚ್ಚಿ ತೋರಿಸಿದರು. ಐದು ಸ್ಕ್ರೂ. ಒಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫೆಲ್ಟಿನ ಚೂರು ಉದುರಿತ್ತು. ಅದು ಉದುರಿದರೆ ಹಾಡು ದೂರದ ಕೋಣೆಯಿಂದ ಬಂದ ಹಾಗೆ ಮಂಕಾಗುತ್ತದೆ, ಟೇಪ್ ಹಾಳಾಯಿತೆಂದು ಜನ ಎಸೆದುಬಿಡುತ್ತಾರೆ, ಟೇಪಿಗೆ ಏನೂ ಆಗಿರುವುದಿಲ್ಲ ಎಂದು ವಿವರಿಸಿದರು. ಬೇರೆ ಕ್ಯಾಸೆಟ್ಟಿನ ಚೂರನ್ನು ಚಿಮಟದಲ್ಲಿ ಎತ್ತಿ ಕೂರಿಸಿದರು. ಕೈ ನಡುಗುತ್ತಿತ್ತು, ಚಿಮಟದ ತುದಿ ನಡುಗುತ್ತಿರಲಿಲ್ಲ.

ಲೇಬಲ್ಲುಗಳನ್ನು ಓದುವುದೇ ಒಂದು ಖುಷಿ. ಪ್ರಸಂಗದ ಹೆಸರು, ಭಾಗವತರು, ಮದ್ದಳೆ, ಚಂಡೆ, ಅರ್ಥಧಾರಿಗಳು. ಒಂದರ ಮೇಲೆ ‘ಕಪ್ಪು 2’ ಎಂದಿತ್ತು. ಹಾರ್ಮೋನಿಯಂ ಬಂದ ಮೇಲೆ ನಮ್ಮ ಕಡೆ ಹಾಡುವವರೆಲ್ಲ ತಮ್ಮ ಶ್ರುತಿಯನ್ನು ಕೀಲಿಯ ಬಣ್ಣದಿಂದ ಹೇಳುವುದು ವಾಡಿಕೆ. ಪುಂಗಿ ಊದಿ ಶ್ರುತಿ ಹಿಡಿಯುತ್ತಿದ್ದ ಕಾಲದ ಯಕ್ಷಗಾನದಲ್ಲಿ ಕಪ್ಪು ಬಿಳಿಯ ಮಾತೇ ಇರಲಿಲ್ಲ. ಇವಾನ್ಸ್‌ನ ಮುಂದೆ ಇದ್ದದ್ದೂ ಇದೇ ಕಪ್ಪು ಬಿಳಿ ಸಾಲು. ಇನ್ನೊಂದು ಕ್ಯಾಸೆಟ್ಟಿನ ಮೇಲೆ ಇಸವಿ ಇರಲಿಲ್ಲ, ಆದರೆ ಯಾರ ಮನೆಯಲ್ಲಿ ಊಟ, ಪಾಯಸ ಯಾವುದು ಎಂದು ಬರೆದಿತ್ತು. ಇತಿಹಾಸ ಬರೆಯುವವರಿಗೆ ಇದರಿಂದ ಉಪಯೋಗವಿಲ್ಲ. ಅಜ್ಜನಿಗೆ ಪಾಯಸ ನೆನಪಾದರೆ ಇಸವಿ ತಾನಾಗಿ ಬರುತ್ತಿತ್ತು.

ಹಾಕಿ ಕೇಳಿಸಿದ್ದು ನೆಬ್ಬೂರು ನಾರಾಯಣ ಭಾಗವತರ ಪದಗಳಿದ್ದ ಒಂದು ಆಟ. ನೆಬ್ಬೂರರು ಈ ಶಿರಸಿ ಸೀಮೆಯವರೇ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಭಾಗವತರಾಗಿದ್ದರು, 2019ರಲ್ಲಿ ತೀರಿಕೊಂಡರು. ಅವರ ಹಾಡಿಕೆಯಲ್ಲಿ ಬೆರಗುಗೊಳಿಸುವ ಆತುರ ಇರುವುದಿಲ್ಲ. ಶಂಭು ಹೆಗಡೆಯವರಂಥ ನಟ ರಂಗದಲ್ಲಿ ಒಂದು ಭಾವವನ್ನು ಹಿಡಿದು ನಿಲ್ಲಿಸಿದಾಗ ಅದೇ ಸಾಲನ್ನು ಮತ್ತೆ ಎತ್ತಿ ಕೊಡಬೇಕು, ಎಷ್ಟು ಸಲ, ಎಷ್ಟು ನಿಧಾನವಾಗಿ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಲು ಆಗುವುದಿಲ್ಲ. ನೆಬ್ಬೂರರ ಸಾಲುಗಳ ಕೊನೆಯಲ್ಲಿ ಒಂದು ಕಾಯುವಿಕೆ ಇರುತ್ತದೆ. ಆಟ ನೋಡುವಾಗ ಅದು ಗಮನಕ್ಕೆ ಬರುವುದಿಲ್ಲ, ಕಣ್ಣು ವೇಷದ ಮೇಲಿರುತ್ತದೆ. ಟೇಪಿನಲ್ಲಿ ವೇಷ ಇಲ್ಲ. ಗೆಜ್ಜೆಯ ಸದ್ದು ಹತ್ತಿರ ಬಂದು ದೂರ ಹೋಗುತ್ತದೆ, ಭಾಗವತರು ಕಾಯುತ್ತಾರೆ, ಮದ್ದಳೆ ಎರಡು ಪೆಟ್ಟಿನಲ್ಲಿ ಏನೋ ಕೇಳುತ್ತದೆ, ಪದ ಮತ್ತೆ ಏಳುತ್ತದೆ.

ಅಜ್ಜ ಟೇಪ್‌ರೆಕಾರ್ಡರನ್ನು ಮದ್ದಳೆಯವರ ಮಗ್ಗುಲಲ್ಲಿ ಇಟ್ಟಿದ್ದರಂತೆ. ಹಾಗಾಗಿ ಮದ್ದಳೆಯೇ ಜೋರು. ಯಾರೋ ಕೆಮ್ಮುತ್ತಾರೆ, ಮಗು ಅಳುತ್ತದೆ, ಜನರೇಟರ್ ಗುರ್ರೆನ್ನುತ್ತದೆ, ಹತ್ತಿರದಲ್ಲೇ ಇಬ್ಬರು ಅಡಕೆ ದರ ಮಾತಾಡುತ್ತಾರೆ. ದರವೂ ಸ್ಪಷ್ಟವಾಗಿ ಕೇಳುತ್ತದೆ. ವ್ಯಾನ್‌ಗಾರ್ಡಿನ ಧ್ವನಿಮುದ್ರಣದಲ್ಲೂ ಹೀಗೆಯೇ. ಗ್ಲಾಸುಗಳು ತಾಗುವ ಸದ್ದು, ಹರಟೆ, ತಪ್ಪು ಜಾಗದಲ್ಲಿ ನಗು. ಇವಾನ್ಸ್ ತನ್ನ ಜೀವಮಾನದ ಅತಿ ಮೃದುವಾದ ಸಂಗೀತ ನುಡಿಸುತ್ತಿರುವಾಗ ಎದುರಿಗೆ ಕೂತವರಲ್ಲಿ ಕೆಲವರು ತಿನ್ನುವುದು ಕುಡಿಯುವುದರಲ್ಲಿ ಮಗ್ನರಾಗಿದ್ದರು. ಮೊದಮೊದಲು ನನಗೆ ಆ ಜನರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಅವರಿಲ್ಲದೆ ಆ ಸಂಗೀತ ಬೇಡ ಅನ್ನಿಸುತ್ತದೆ. ಸ್ಟುಡಿಯೋದಲ್ಲಿ ಇದೇ ಮೂವರು ನುಡಿಸಿದ್ದೂ ಇದೆ. ಅದು ಚೆನ್ನಾಗಿದೆ, ಅಚ್ಚುಕಟ್ಟಾಗಿದೆ, ನಾನು ವರ್ಷಕ್ಕೊಮ್ಮೆ ಕೇಳಿದರೆ ಹೆಚ್ಚು.

ನಲವತ್ತೈದು ನಿಮಿಷಕ್ಕೆ ಟಕ್ಕೆಂದು ಕ್ಯಾಸೆಟ್ ನಿಂತಿತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು ಅಷ್ಟೇ. ಮಗುಚಿ ಹಾಕಿದರೆ ಬೇರೆ ಯಾವುದೋ ಪದದ ಮಧ್ಯದಿಂದ ಶುರುವಾಯಿತು.

“ಇಲ್ಲಿ ಒಂದು ಪದ ಹೋತು” ಎಂದರು ಅಜ್ಜ. “ಆನು ಕ್ಯಾಸೆಟ್ ಮಗುಚಿ ಹಾಕವರೆಗೆ ಆಟ ನಿಲ್ತಾ?”

ಆಮೇಲೆ ಅವರು ಮಾಡಿದ್ದನ್ನು ನಾನು ಎಣಿಸಿರಲಿಲ್ಲ. ಟೇಪ್ ನಿಲ್ಲಿಸಿದರು, ತೊಡೆಯ ಮೇಲೆ ತಾಳ ಹಾಕಿಕೊಂಡು ಹೋದ ಪದವನ್ನು ತಾವೇ ಹೇಳಿದರು. ಹಾಡುಗಾರರೇನಲ್ಲ, ದನಿ ಒಡೆದಿತ್ತು, ಏರಿನಲ್ಲಿ ಉಸಿರು ಸಾಲಲಿಲ್ಲ. ಆದರೆ ನೆಬ್ಬೂರರು ಎಲ್ಲಿ ಕಾದರು, ಮದ್ದಳೆ ಎಲ್ಲಿ ಕೇಳಿತು ಎಂಬುದನ್ನೆಲ್ಲ ಹಾಕಿ ಹೇಳಿದರು. ಪದ ಮುಗಿದ ಜಾಗಕ್ಕೆ ಸರಿಯಾಗಿ ಟೇಪಿನ ಗುಂಡಿ ಒತ್ತಿದರು. ರೆಕಾರ್ಡರ್ ಮುಂದಿನ ಪದ ಹಿಡಿಯಿತು. ರಾತ್ರಿಯಿಡೀ ನಡೆದ ಆಟದಲ್ಲಿ ಇಂಥ ಎಷ್ಟು ಕಂಡಿಗಳು ಬಿದ್ದಿರಬೇಕು, ಅವೆಲ್ಲಕ್ಕೂ ಅವರ ಬಳಿ ಪದ ಇದೆಯೇ ಎಂದು ಕೇಳಿದೆ. ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ, ಒಂದೆರಡು ಕಡೆ ಆ ಹೊತ್ತಿಗೆ ತಾವು ಚಾ ಕುಡಿಯಲು ಹೋಗಿದ್ದು ಎಂದರು.

ವಾಪಸು ಶಿರಸಿಗೆ ಬರುವಾಗ ಭಾವ ತಾವಾಗಿಯೇ ಪೆನ್‌ಡ್ರೈವ್ ಚುಚ್ಚಿದರು. ಅವತ್ತು ‘ಆಲ್ ಆಫ್ ಯೂ’ ಎಂಬ ಹಾಡನ್ನು ಇವಾನ್ಸ್ ತಂಡ ಮೂರು ಸಲ ನುಡಿಸಿದೆ. ಮೂರೂ ಸಂಗ್ರಹದಲ್ಲಿವೆ. ಮೂರನ್ನೂ ಸಾಲಾಗಿ ಹಾಕಿಸಿಕೊಂಡು ಕೇಳಿದರು. ನನಗೆ ಮೂರನೆಯದರ ಹೊತ್ತಿಗೆ ಸಾಕಾಗಿತ್ತು, ಪೂರ್ತಿ ಸಂಗ್ರಹಗಳ ದೋಷವೇ ಇದು, ಅಭಿಮಾನಿಗಲ್ಲದೆ ಬೇರೆಯವರಿಗೆ ಉಸಿರು ಕಟ್ಟುತ್ತದೆ. ಭಾವನಿಗೆ ಹಾಗನ್ನಿಸಲಿಲ್ಲ. ಒಂದೇ ಪ್ರಸಂಗವನ್ನು ಒಂದೇ ತಿಂಗಳಲ್ಲಿ ನಾಲ್ಕು ಊರಲ್ಲಿ ನೋಡಿ, ಯಾವ ಊರಿನದು ಮೇಲು ಎಂದು ವರ್ಷಗಟ್ಟಲೆ ವಾದ ಮಾಡುವ ಜನ ಇವರು. “ಮೂರನೇದ್ದೇ ಚೊಲೋ ಇದ್ದು” ಎಂಬ ತೀರ್ಪು ಬಂತು. ‘ವಾಲ್ಟ್ಜ್ ಫಾರ್ ಡೆಬಿ’ಗೆ ಬಂದಾಗ ಇನ್ನೊಂದನ್ನು ಹಿಡಿದರು. ಇವಾನ್ಸ್ ತನ್ನ ಅಣ್ಣನ ಮಗಳಿಗಾಗಿ ಕಟ್ಟಿದ ಈ ಹಾಡು ಮೂರರ ನಡೆಯಲ್ಲಿ ಮಗುವಿನ ಹೆಜ್ಜೆಯ ಹಾಗೆ ಶುರುವಾಗುತ್ತದೆ, ಪಲ್ಲವಿ ಮುಗಿಯುತ್ತಲೇ ನಾಲ್ಕರ ನಡೆಗೆ ಹೊರಳುತ್ತದೆ. ಹೊರಳಿದ ಕ್ಷಣಕ್ಕೆ ಭಾವನ ಬೆರಳು ಡ್ಯಾಶ್‌ಬೋರ್ಡಿನ ಮೇಲೆ ತಾಳ ಬದಲಿಸಿತ್ತು. ನನಗೆ ಅದು ತಿಳಿದದ್ದು ಪುಸ್ತಕ ಓದಿ.

ಮರುದಿನ ಯಲ್ಲಾಪುರದ ಕಡೆ. ಭೈರುಂಬೆ ದಾಟಿ ಸಹಸ್ರಲಿಂಗಕ್ಕೆ ಇಳಿದೆವು. ಆಷಾಢದ ಶಾಲ್ಮಲೆಯಲ್ಲಿ ಲಿಂಗವೂ ಇಲ್ಲ, ನಂದಿಯೂ ಇಲ್ಲ, ಎಲ್ಲ ಕೆಂಪು ನೀರಿನಡಿ. ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬ ದುಡ್ಡು ಹಾಳಾದ ಹಾಗೆ ನಿಂತಿತ್ತು. ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಂಚಿಕೇರಿಯ ಹತ್ತಿರ ಕಾಡಿನೊಳಗಿನ ಒಂದು ಸಿದ್ದಿ ಕೇರಿಯಲ್ಲಿ ಭಾವನಿಗೆ ಪರಿಚಯದವರಿದ್ದರು, ಅಲ್ಲಿಗೆ ಹೋಗುವುದಿತ್ತು.

ಸಿದ್ದಿಗಳು ಆಫ್ರಿಕಾ ಮೂಲದವರು. ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿದ್ದಾರೆ. ಪರಿಶಿಷ್ಟ ಪಂಗಡವೆಂದು ಸರ್ಕಾರ ಒಪ್ಪಿಕೊಂಡದ್ದು 2003ರಲ್ಲಿ. ಈ ಸಮುದಾಯದ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ಕಾರಿನಲ್ಲಿ ಜಾಝ್ ಹಾಕಿಕೊಂಡು ಸಿದ್ದಿ ಕೇರಿಗೆ ಹೋಗುವವನಿಗೆ ಏನು ಹೊಳೆಯುತ್ತದೆಂದು ಓದುಗರಿಗೆ ಬೇರೆ ಹೇಳಬೇಕಿಲ್ಲ. ಅದೇ ಗುಲಾಮರ ಹಡಗುಗಳು ಅಟ್ಲಾಂಟಿಕ್ ದಾಟಿದ್ದಕ್ಕೆ ಅಲ್ಲಿ ಜಾಝ್ ಹುಟ್ಟಿತು, ಇಲ್ಲಿ ಡಮಾಮಿ. ವಾಕ್ಯ ಚೆನ್ನಾಗಿದೆ, ಆದರೆ ನನಗೆ ಅದರ ಮೇಲೆ ಅನುಮಾನ. ಆಫ್ರಿಕಾ ಒಂದು ಊರಲ್ಲ. ಇವಾನ್ಸ್ ಬಿಳಿಯ, ಕರಿಯರು ಕಟ್ಟಿದ ಸಂಗೀತವನ್ನು ಕಲಿತು 1958ರಲ್ಲಿ ಮೈಲ್ಸ್ ಡೇವಿಸ್‌ನ ತಂಡದಲ್ಲಿ ಒಬ್ಬನೇ ಬಿಳಿಯನಾಗಿ ಕೂತು ನುಡಿಸಿದವ. ಆ ಕೇರಿಯ ಹೆಂಗಸರು ಆಡುವುದು ಅವರದೇ ಕೊಂಕಣಿ, ಹೋಗಿ ಬರುವುದು ಮಂಚಿಕೇರಿ ಪೇಟೆ. ಅವರ ತಲೆಯ ಮೇಲೆ ನನ್ನ ಪೆನ್‌ಡ್ರೈವ್ ಹೊರಿಸಲು ನಾನ್ಯಾರು?

ಡಮಾಮಿ ಎರಡು ಮುಖದ ಚರ್ಮವಾದ್ಯ. ಹಾಡುವವರು, ಕುಣಿಯುವವರು ಹೆಂಗಸರು. ಮಳೆಗೆ ಚರ್ಮ ಸಡಿಲಾಗಿ ವಾದ್ಯ ದಬದಬ ಅನ್ನುತ್ತಿತ್ತು. ಮನೆಯ ಹಿರಿಯಾಕೆ ಅದನ್ನು ಒಲೆಯ ಹತ್ತಿರ ಹಿಡಿದು ತಿರುಗಿಸುತ್ತ, ನಡುನಡುವೆ ಬೆರಳಲ್ಲಿ ಬಡಿದು ನೋಡುತ್ತ, ಇಷ್ಟು ಸಾಕು ಅನ್ನಿಸಿದಾಗ ತೊಡೆಯ ಮೇಲೆ ಎಳೆದುಕೊಂಡರು. ಮೂವರು ಹಾಡಿದರು. ಭಾವ ಫೋನಿನಲ್ಲಿ ಹಿಡಿದುಕೊಂಡು, ಮುಗಿದ ಮೇಲೆ, “ಅಕ್ಕ, ಕೇಳಿ” ಎಂದು ಹಾಕಿ ತೋರಿಸಿದರು. ಆಕೆ ಅರ್ಧ ಕೇಳಿ ನಕ್ಕುಬಿಟ್ಟರು.

“ಇದು ಅರ್ಧವೇ ಹೆಗಡೇರೆ. ತಿರುಗಿ ಹೇಳುವವರು ನಾಟಿಗೆ ಹೋಗಿದ್ದಾರಲ್ಲ. ಅವರು ಬಂದ ಮೇಲೆ ಆಗಬೇಕು.”

ಅವರು ಯಾವಾಗ ಬರುತ್ತಾರೆ ಎಂದರೆ ಕತ್ತಲಾದ ಮೇಲೆ. ಬಂದ ಮೇಲೆ ಅಡುಗೆ, ಊಟ. ನಮಗಾಗಿ ಕೂತು ಹಾಡಿ ಎನ್ನುವ ಮಾತೇ ಇಲ್ಲ. ಫೋನಿನಲ್ಲಿರುವ ಆ ಅರ್ಧವನ್ನು ಯಾರಿಗೂ ಕಳಿಸಬೇಡಿ ಎಂದು ನಾನು ಭಾವನಿಗೆ ಹೇಳಿದೆ. ಅವರಿಗೂ ಮನಸ್ಸಿರಲಿಲ್ಲ.

ಯಲ್ಲಾಪುರದಲ್ಲಿ ಊಟಕ್ಕೆ ಕೂತಾಗ ವಾದ ಎದ್ದಿತು. ಅಜ್ಜನ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು ಖಚಿತ, ಭಾವನ ಮಗ ಮಾಡಿಕೊಡುತ್ತಾನೆ. ಮಗುಚಿ ಹಾಕುವಾಗ ಬಿದ್ದ ಕಂಡಿಗಳನ್ನು ಏನು ಮಾಡುವುದು? ಅಜ್ಜನ ದನಿಯಲ್ಲೇ ಆ ಪದಗಳನ್ನು ರೆಕಾರ್ಡ್ ಮಾಡಿ ಅಲ್ಲಲ್ಲಿ ಸೇರಿಸಬೇಕು ಎಂದು ಭಾವ. ಕೇಳುವವರಿಗೆ ಕಥೆ ತುಂಡಾಗಬಾರದು, ಪದ ಇಂಥದ್ದೆಂದು ಮುಂದಿನವರಿಗೆ ಗೊತ್ತಾಗಬೇಕು. ಹಾಗೇ ಬಿಡಬೇಕು ಎಂದು ನಾನು. ಕರೆಂಟ್ ಹೋದ ಜಾಗವನ್ನು ನ್ಯೂಯಾರ್ಕಿನವರು ತುಂಬಲು ಹೋಗಲಿಲ್ಲ. “ಅವ್ರ ಹತ್ರ ಅಜ್ಜ ಇರ್ಲೆ” ಎಂದರು ಭಾವ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಕೊನೆಗೆ ಅಜ್ಜನಿಗೇ ಫೋನ್ ಹಚ್ಚಿದೆವು. ಯಲ್ಲಾಪುರ ಪೇಟೆಯಲ್ಲಿ ಸಿಗ್ನಲ್ ಇದೆ, ಅವರ ಕಡೆ ಸಿಕ್ಕಿದ್ದು ಪುಣ್ಯ. ಎರಡೂ ಪಕ್ಷ ಕೇಳಿಸಿಕೊಂಡರು. ಪದ ಹೇಳಲು ತಮ್ಮ ಅಡ್ಡಿ ಏನೂ ಇಲ್ಲ, ಆದರೆ ಈಗ ಆಗುವುದಿಲ್ಲ, ಈ ಥಂಡಿಯಲ್ಲಿ ಡಬ್ಬಿ ತೆಗೆದರೆ ಉಳಿದವಕ್ಕೂ ಬೂಷ್ಟು ಹಿಡಿಯುತ್ತದೆ, ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಬನ್ನಿ ಎಂದರು. ಬರುವಾಗ ಶಿರಸಿಯಲ್ಲಿ ರೇಡಿಯೋ ರಿಪೇರಿಯವರ ಹತ್ತಿರ ಹಳೆಯ ಕ್ಯಾಸೆಟ್ಟು ಇದ್ದರೆ ಹತ್ತಿಪ್ಪತ್ತು ತನ್ನಿ, ಏನು ಹಾಡಿದ್ದರೂ ಆದೀತು, ಬೇಕಾದ್ದು ಒಳಗಿನ ಫೆಲ್ಟು.